ಉಗಾಂಡದ ಮುದ್ದೆಕೋಲು

ಮೊನ್ನೆ ಗ್ಯಾಸ್ ಸಿಲಿಂಡರ್ ತಂದವನು ಅದನ್ನು ಅಡುಗೆಮನೆಯ ಮೂಲೆಗೆ ಉರುಳಿಸಿ ನಿಲ್ಲಿಸಿ, ಬೆವರು ಒರೆಸಿಕೊಳ್ಳುತ್ತ ಗೋಡೆಯ ಕಡೆ ನೋಡಿದ. ಅಲ್ಲಿ ಮೊಳೆಗೆ ಒಂದು ಮರದ ಕೋಲು ನೇತಾಡುತ್ತಿದೆ. ಹಿಡಿ ಉದ್ದಕ್ಕೆ, ತುದಿ ಚಪ್ಪಟೆ.

"ಮೊಮ್ಮಗನ ಬ್ಯಾಟಾ ಮೇಡಂ?" ಅಂದ.

"ಅಲ್ಲಪ್ಪ, ಮುದ್ದೆಕೋಲು" ಅಂದೆ.

ಅವನು ನಮ್ಮ ಮುಳಬಾಗಿಲಿನವನೇ, ಹುಟ್ಟಿದಾಗಿನಿಂದ ಮುದ್ದೆಕೋಲು ನೋಡಿ ಬೆಳೆದವನು. "ಮುದ್ದೆಕೋಲು ಗುಂಡಗಿರಲ್ವಾ ಮೇಡಂ? ಇದ್ಯಾಕೆ ಇಂಗೆ ತಟ್ದಂಗೈತೆ?"

"ಇದು ಉಗಾಂಡದ್ದು."

ಅವನು ನನ್ನನ್ನೊಮ್ಮೆ, ಕೋಲನ್ನೊಮ್ಮೆ ನೋಡಿ, "ಹೌದಾ" ಎಂದಷ್ಟೇ ಹೇಳಿ ಖಾಲಿ ಸಿಲಿಂಡರನ್ನು ಹೆಗಲಿಗೇರಿಸಿಕೊಂಡು ಹೊರಟ. ರಿಟೈರಾದ ಮೇಲೆ ಹೆಂಗಸರಿಗೆ ಸ್ವಲ್ಪ ಹೀಗೆಲ್ಲ ಆಗುತ್ತದೆ ಎಂದುಕೊಂಡಿರಬೇಕು. ಕರೆದು ಕೂರಿಸಿ ಕತೆ ಹೇಳೋಣವೆಂದರೆ ಅವನ ಗಾಡಿ ಬೀದಿಗೆ ಅಡ್ಡ ನಿಂತಿತ್ತು, ಹಿಂದಿನಿಂದ ಟೊಮೆಟೊ ತುಂಬಿದ ಟೆಂಪೊದವನು ಹಾರ್ನ್ ಹೊಡೆಯುತ್ತಿದ್ದ. ಅವನಿಗೆ ಹೇಳಲಾಗದ್ದನ್ನು ನಿಮಗೆ ಹೇಳುತ್ತೇನೆ. ನಿಮಗಾದರೂ ಗಾಡಿ ತೆಗೆಯುವ ಅವಸರ ಇಲ್ಲವೆಂದು ನಂಬಿದ್ದೇನೆ.

ಮೊದಲು ನನ್ನ ವಿಷಯ. ನಾನು ಶ್ರೀನಿವಾಸಪುರದ ಹೆಣ್ಣುಮಕ್ಕಳ ಹಾಸ್ಟೆಲೊಂದರಲ್ಲಿ ವಾರ್ಡನ್ ಆಗಿದ್ದು ರಿಟೈರಾದವಳು. ಹೆಸರು ರೂತ್. ಚರ್ಚಿನಲ್ಲಿ ರೂತಮ್ಮ, ಬೀದಿಯಲ್ಲಿ ಮೇಡಮ್ಮ. ಹಾಸ್ಟೆಲಿನ ಹುಡುಗಿಯರ ಬಾಯಲ್ಲಿ ಏನಾಗಿದ್ದೆನೋ ಅದನ್ನು ಇಲ್ಲಿ ಬರೆಯುವಂತಿಲ್ಲ. ವಾರ್ಡನ್ ಎಂದರೆ ಕುರ್ಚಿಯಲ್ಲಿ ಕೂತು ಕೋಲು ಹಿಡಿಯುವ ಕೆಲಸವೆಂದು ನೀವು ತಿಳಿದಿರಬಹುದು. ಕೋಲು ಹಿಡಿದದ್ದು ನಿಜ, ಆದರೆ ಮುದ್ದೆಕೋಲು. ಜೂನಿನಲ್ಲಿ ಹಾಸ್ಟೆಲು ಬಾಗಿಲು ತೆರೆಯುವ ಹೊತ್ತಿಗೆ ಶ್ರೀನಿವಾಸಪುರದ ಮಂಡಿಗಳಲ್ಲಿ ಮಾವಿನ ಭರಾಟೆ. ನಮ್ಮ ಅಡುಗೆಯಾಕೆಗೆ ಆ ದಿನಗಳಲ್ಲಿ ತಪ್ಪದೆ ಸೊಂಟನೋವು ಬರುತ್ತಿತ್ತು. ಅದೇ ಸೊಂಟದಲ್ಲಿ ಆಕೆ ಮಂಡಿಯಲ್ಲಿ ಮಾವಿನ ಕ್ರೇಟು ಹೊರುತ್ತಿದ್ದುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಕಂಡೂ ಕಾಣದವಳಂತೆ ಬಂದೆ, ಏಕೆಂದರೆ ನೋವು ವಾಸಿಯಾದ ಮೇಲೆ ಆಕೆ ಒಂದು ಚೀಲ ಬಾದಾಮಿ ಹಣ್ಣು ತಂದು ಹುಡುಗಿಯರಿಗೆಲ್ಲ ಹಂಚುತ್ತಿದ್ದಳು. ಹೀಗೆ ಅಡುಗೆಯಾಕೆಯ ಸೊಂಟನೋವಿನ ದಯೆಯಿಂದ ನಾನು ಇಡೀ ಹಾಸ್ಟೆಲಿಗೆ ಮುದ್ದೆ ತೊಳಸುವುದನ್ನು ಕಲಿತೆ.

ನಮ್ಮನೆಯವರು ಬಸ್ ಡಿಪೊದಲ್ಲಿ ಮೆಕ್ಯಾನಿಕ್. ಮುದ್ದೆಯನ್ನೂ ಎಂಜಿನ್ ಪರೀಕ್ಷಿಸಿದ ಹಾಗೆಯೇ ಪರೀಕ್ಷಿಸುವವರು. ತಟ್ಟೆಗೆ ಬಿದ್ದ ಮುದ್ದೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, "ಟೈಟಾಯ್ತು" ಅಥವಾ "ಸ್ವಲ್ಪ ಲೂಸು" ಅನ್ನುತ್ತಿದ್ದರು. ಚೆನ್ನಾಗಿದೆ ಎನ್ನುವ ಮಾತು ಆ ಬಾಯಿಂದ ಬಂದದ್ದೇ ಇಲ್ಲ. ತಟ್ಟೆ ಮುಂದೆ ಮಾಡಿ ಇನ್ನೊಂದು ಹಾಕಿಸಿಕೊಂಡರೆ ಚೆನ್ನಾಗಿದೆ ಎಂದು ನಾನೇ ತಿಳಿದುಕೊಳ್ಳಬೇಕಿತ್ತು.

ಅವರು ಹೋಗಿ ಎರಡು ವರ್ಷದ ಮೇಲಾಯಿತು. ಕಾಯಿಲೆ ಬಿದ್ದು ಕೋಲಾರದ ಆಸ್ಪತ್ರೆಗೆ ಸೇರಿದಾಗ ಇಡೀ ಸಭೆ ಉಪವಾಸವಿದ್ದು ಪ್ರಾರ್ಥಿಸಿತು. ನಮ್ಮಲ್ಲಿ ಚರ್ಚಿಗೆ ಸೇರಿದ ಜನರನ್ನೆಲ್ಲ ಒಟ್ಟಾಗಿ ಸಭೆ ಅನ್ನುತ್ತೇವೆ. ನಾನೂ ಆಸ್ಪತ್ರೆಯ ವರಾಂಡದಲ್ಲಿ ಮೊಣಕಾಲೂರಿ ಬೇಡಿದೆ. ಬೇಡಿದ್ದು ಸಿಗಲಿಲ್ಲ. ಆಮೇಲೆ ನಾನು ಚರ್ಚಿಗೆ ಹೋಗುವುದನ್ನೇನೂ ಬಿಡಲಿಲ್ಲ. ಎಲ್ಲರ ಜೊತೆ ಎದ್ದು ನಿಂತೆ, ಎಲ್ಲರ ಜೊತೆ ಕೂತೆ, ಹಾಡಿಗೆ ತುಟಿಯನ್ನೂ ಆಡಿಸಿದೆ. ಆದರೆ 'ಸ್ತೋತ್ರ' ಎಂಬ ಮಾತು, ದೇವರಿಗೆ ಕೃತಜ್ಞತೆ ಹೇಳುವಾಗ ನಮ್ಮ ಜನ ಉಸಿರಿಗೊಮ್ಮೆ ಹೇಳುವ ಆ ಮಾತು, ನನ್ನ ಗಂಟಲಿನಿಂದ ಮೇಲೆ ಬರಲಿಲ್ಲ. ಒಂದೇ ಮನೆಯಲ್ಲಿದ್ದುಕೊಂಡು ಮಾತು ಬಿಟ್ಟ ಗಂಡಹೆಂಡಿರ ಹಾಗೆ ನಾನೂ ದೇವರೂ ಇದ್ದೆವು.

ಮನೆಯಲ್ಲಿ ಮುದ್ದೆಯೂ ನಿಂತಿತು. ಒಬ್ಬರಿಗೆ ಮಾತ್ರ ಮುದ್ದೆ ಮಾಡುವುದು ನಿಮಗೆ ಬರುತ್ತದೆಯೋ ಏನೋ, ನನಗಂತೂ ಬರಲಿಲ್ಲ. ಹಾಸ್ಟೆಲಿನ ಪಾತ್ರೆಗೆ ಒಗ್ಗಿದ ಕೈ ಇದು. ಒಂದು ಹಿಡಿ ಹಿಟ್ಟು ಹಾಕಿದರೆ ಕೋಲು ಪಾತ್ರೆಯ ತಳಕ್ಕೆ ಬಡಿಯುತ್ತದೆಯೇ ಹೊರತು ಹಿಟ್ಟಿಗೆ ತಗುಲುವುದಿಲ್ಲ. ಸ್ವಲ್ಪ ದಿನ ಹೆಣಗಾಡಿ, ಕೋಲನ್ನು ಅಟ್ಟದ ಮೇಲೆ ಹಾಕಿ, ಕುಕ್ಕರಿನಲ್ಲಿ ಅನ್ನ ಇಟ್ಟುಕೊಳ್ಳತೊಡಗಿದೆ.

ಎದುರುಮನೆಯ ಮುನಿರತ್ನಮ್ಮ ಇದನ್ನು ಹೇಗೆ ಪತ್ತೆಹಚ್ಚಿದಳೋ ತಿಳಿಯದು. ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲಿ ಮುದ್ದೆ ತೊಳಸಿದರೂ ಕೋಲು ಪಾತ್ರೆಗೆ ಬಡಿಯುವ ಸದ್ದು ಹೊರಗೆ ಕೇಳುತ್ತದೆ. ನಮ್ಮ ಮನೆಯಿಂದ ಆ ಸದ್ದು ಬರದೆ ಹೋದದ್ದು ಅವಳ ಕಿವಿಗೆ ಬಿದ್ದಿರಬೇಕು. ಅವಳ ಸೊಸೆಗೆ ನರಸಾಪುರದಲ್ಲಿ ಫ್ಯಾಕ್ಟರಿ ಕೆಲಸ. ಸಂಜೆ ಕಂಪನಿ ಬಸ್ಸು ಬೀದಿಯ ತುದಿಯಲ್ಲಿ ಸೊಸೆಯನ್ನು ಇಳಿಸಿ ಹೋದ ಸ್ವಲ್ಪ ಹೊತ್ತಿಗೆ ಮುನಿರತ್ನಮ್ಮ ಸೆರಗಿನಡಿ ಸ್ಟೀಲ್ ಡಬ್ಬಿ ಹಿಡಿದುಕೊಂಡು ರಸ್ತೆ ದಾಟಿ ಬರುತ್ತಿದ್ದಳು. ಡಬ್ಬಿಯಲ್ಲಿ ಒಂದು ಮುದ್ದೆ, ಇನ್ನೊಂದು ಕೈಯಲ್ಲಿ ಸಾರಿನ ಬಟ್ಟಲು.

"ಎಂಗೋ ಒಂದ್ ಮುದ್ದೆ ಜಾಸ್ತಿ ಬಂತು ಮೇಡಮ್ಮೋ. ಎಸ್ಯಕ್ಕಾಯ್ತದಾ?"

ದಿನಾ ಸಂಜೆ ಅದೇ ಮಾತು. ಸೊಸೆ ಬಂದಿರುವ ಹೆಂಗಸು, ಮುದ್ದೆ ಮಾಡಿ ಮಾಡಿ ಕೈ ಸವೆದವಳು, ಅವಳಿಗೆ ದಿನವೂ ಅಳತೆ ತಪ್ಪುತ್ತಿತ್ತು. ನಾನೂ ನಂಬಿದವಳ ಹಾಗೆ ಡಬ್ಬಿ ತೆಗೆದುಕೊಳ್ಳುತ್ತಿದ್ದೆ. ಅವಳ ಮುದ್ದೆಯಲ್ಲಿ ಒಂದೆರಡು ಗಂಟು ಇದ್ದೇ ಇರುತ್ತಿದ್ದವು. ವಾರ್ಡನ್ ಬುದ್ಧಿ ರಿಟೈರಾಗುವುದಿಲ್ಲ ನೋಡಿ, ತಿನ್ನುತ್ತ ತಿನ್ನುತ್ತ ಮನಸ್ಸಿನಲ್ಲೇ ಗಂಟು ಎಣಿಸುತ್ತಿದ್ದೆ. ಬೆಳಿಗ್ಗೆ ಡಬ್ಬಿ ತೊಳೆದು ವಾಪಸ್ಸು ಕೊಡುವಾಗ ಮಾತ್ರ ಖಾಲಿ ಕೊಡುತ್ತಿರಲಿಲ್ಲ. ಬಂದ ಪಾತ್ರೆ ಬರಿದಾಗಿ ಹಿಂದಕ್ಕೆ ಹೋಗಬಾರದು. ನಮ್ಮ ಬೀದಿಯಲ್ಲಿ ಹಿಂದೂ, ಮುಸಲ್ಮಾನ, ಕ್ರೈಸ್ತ ಎಲ್ಲರ ಮನೆಯಲ್ಲೂ ಇರುವ ರೂಢಿ ಇದು. ಒಂದು ದಿನ ಕರಿಬೇವು, ಒಂದು ದಿನ ನಿಂಬೆಹಣ್ಣು, ಏನೂ ಇಲ್ಲದ ದಿನ ಒಂದು ಚಮಚ ಸಕ್ಕರೆ ಹಾಕಿ ಕೊಡುತ್ತಿದ್ದೆ.

ಹೀಗಿರುವಾಗ ನಮ್ಮ ಅಯ್ಯನವರು ಮನೆಗೆ ಬಂದರು. ಪಾಸ್ಟರನ್ನು ನಾವು ಹಾಗೆ ಕರೆಯುತ್ತೇವೆ. ಬೆಂಗಳೂರಿನಲ್ಲಿ ಅವರ ಜೊತೆ ಬೈಬಲ್ ಪಾಠ ಓದಿದ ಮೋಸೆಸ್ ಎಂಬ ಉಗಾಂಡದವರು ಈಗ ತಮ್ಮ ಹಳ್ಳಿಯಲ್ಲೇ ಪಾಸ್ಟರು. ಅಲ್ಲಿನ ಚರ್ಚಿನ ಹಿಂದೆ ಮಕ್ಕಳಿಗೆ ಪಾಠ ಹೇಳಲು ಕೋಣೆ ಕಟ್ಟಬೇಕಿದೆ, ಸುತ್ತಲಿನ ಹಳ್ಳಿಗಳಲ್ಲಿ ಪ್ರಾರ್ಥನೆಯ ಕೂಟಗಳನ್ನು ನಡೆಸಬೇಕಿದೆ, ನಮ್ಮ ಕಡೆಯಿಂದ ಒಂದು ಸಣ್ಣ ತಂಡ ಹೋಗುತ್ತಿದೆ, ನೀವೂ ಬನ್ನಿ ಎಂದರು.

"ನಾನ್ ಬಂದು ಏನ್ ಮಾಡ್ಲಿ ಅಯ್ನೋರೇ? ಹಾಡಕ್ ಬರಲ್ಲ, ಎದ್ದು ನಿಂತು ಪ್ರಸಂಗ ಮಾಡಕ್ ಬರಲ್ಲ."

ಅಯ್ಯನವರು ಸ್ವಲ್ಪ ನಾಚಿಕೊಂಡರು. "ಮುದ್ದೆ ಮಾಡಕ್ ಬರ್ತದಲ್ಲ ರೂತಮ್ಮ" ಅಂದರು.

ಗುಟ್ಟು ಹೊರಬಿತ್ತು. ಅಯ್ಯನವರದು ಬಲು ಸೂಕ್ಷ್ಮವಾದ ಹೊಟ್ಟೆ. ಮದುವೆ ಊಟಕ್ಕೇ ಹೆದರುವವರು. ಸಮುದ್ರ ದಾಟಿ ಸುವಾರ್ತೆ ಸಾರುವ ಧೈರ್ಯ ಅವರಿಗಿತ್ತು, ಅವರ ಹೊಟ್ಟೆಗಿರಲಿಲ್ಲ. ಅಂತೂ ಲೆಕ್ಕಕ್ಕೆ ನಾನು ತಂಡದ ಸೇವಕಿ, ನಿಜದಲ್ಲಿ ಅಡುಗೆಯವಳು. ನನಗೇನೂ ಬೇಸರವಾಗಲಿಲ್ಲ. ಮಗಳು ಬಂಗಾರಪೇಟೆಯಿಂದ ಫೋನ್ ಮಾಡಿ, "ಹೋಗ್ಬಾಮ್ಮ, ಅಪ್ಪ ಹೋದ್ಮೇಲೆ ಆ ಬೀದಿ ಬಿಟ್ಟು ಎಲ್ಲೂ ಹೋಗಿಲ್ಲ ನೀನು" ಅಂದಳು. ಅಟ್ಟ ಹತ್ತಿ ಮುದ್ದೆಕೋಲನ್ನು ಇಳಿಸಿ ಧೂಳು ಒರೆಸಿದೆ.

ಬೀದಿಗೆ ಬೀದಿಯೇ ನನ್ನ ಪ್ರಯಾಣಕ್ಕೆ ಸಿದ್ಧವಾಯಿತು. "ಆಫ್ರಿಕಾನಾ? ಅಲ್ಲಿ ತಿನ್ನಕ್ಕೇನ್ ಸಿಕ್ತದೋ ಏನೋ ದೇವುಡಾ" ಎಂದು ಮುನಿರತ್ನಮ್ಮ ತನ್ನ ಹೊಲದ ರಾಗಿಯನ್ನು ತೊಳೆದು ಒಣಗಿಸಿ ಮಿಲ್ಲಿಗೆ ಹಾಕಿಸಿ ತಂದಳು. ತಿರುವಿನಲ್ಲಿ ಹಾಸಿಗೆ ಅಂಗಡಿ ಇಟ್ಟಿರುವ ರಹಮತ್ ಸಾಬರು ಹಾಸಿಗೆಯ ದಪ್ಪ ಬಟ್ಟೆಯಲ್ಲೇ ಹಿಟ್ಟಿಗೆ ಚೀಲ ಹೊಲಿದುಕೊಟ್ಟರು. "ಜಬರ್ದಸ್ತ್ ಹೊಲಿಗೆ ಹಾಕಿದೀನಿ ಮೇಡಮ್ಮಾ. ವಿಮಾನದಿಂದ ಬಿಸಾಕಿದ್ರೂ ಹರಿಯಲ್ಲ" ಎಂದರು. ಆ ಮಾತು ಕೇಳಿ ನನಗೆ ಸ್ವಲ್ಪ ಭಯವೇ ಆಯಿತು.

ವಿಮಾನ ನಿಲ್ದಾಣದಲ್ಲಿ ಚೀಲಕ್ಕೇನೂ ಆಗಲಿಲ್ಲ, ತೊಂದರೆಯಾದದ್ದು ಕೋಲಿನಿಂದ. ಅದನ್ನು ನಾನು ಕೈಚೀಲದಲ್ಲಿ ಇಟ್ಟುಕೊಂಡಿದ್ದೆ. ತಪಾಸಣೆಯವನು ಹಿಂದಿಯವನು. ಕೋಲನ್ನು ಹೊರಗೆಳೆದು ತಿರುಗಿಸಿ ತಿರುಗಿಸಿ ನೋಡಿ, ಇದೇನು ಎಂದ. ನಾನು ಅಲ್ಲಿಯೇ ಇಲ್ಲದ ಪಾತ್ರೆಯನ್ನು ಪಾದಗಳ ಮಧ್ಯೆ ಹಿಡಿದು ಇಲ್ಲದ ಹಿಟ್ಟನ್ನು ತೊಳಸಿ ತೋರಿಸಿದೆ. ಅವನಿಗೆ ಅದು ಯಾರನ್ನೋ ಬಡಿಯುವ ಹಾಗೆ ಕಂಡಿತೋ ಏನೋ, ಇನ್ನೊಬ್ಬನನ್ನು ಕರೆದ. ಕೊನೆಗೆ ವಿಮಾನದ ಕಂಪನಿಯ ಹುಡುಗಿಯೊಬ್ಬಳು ಓಡಿ ಬಂದಳು. ವೇಮಗಲ್ ಕಡೆಯವಳಂತೆ. ಕೋಲನ್ನು ನೋಡಿದ್ದೇ ಬಾಯಿ ಮುಚ್ಚಿಕೊಂಡು 'ಅಯ್ಯೋ ನಮ್ಮಜ್ಜಿ!' ಎಂದು ನಕ್ಕು, ಅದಕ್ಕೊಂದು ಚೀಟಿ ಕಟ್ಟಿ ದೊಡ್ಡ ಸಾಮಾನಿನ ಜೊತೆ ಕಳಿಸಿದಳು. ಆ ಮಗು ಎಲ್ಲಿದ್ದರೂ ಚೆನ್ನಾಗಿರಲಿ.

ನಾವು ಉಗಾಂಡದಲ್ಲಿ ಇಳಿದೆವು, ಆ ದೊಡ್ಡ ಸಾಮಾನು ಇಳಿಯಲಿಲ್ಲ. ಎಲ್ಲೋ ಮಧ್ಯದಲ್ಲಿ ವಿಮಾನ ಬದಲಿಸುವಾಗ ಉಳಿದುಹೋಗಿದೆ, ಬರುತ್ತದೆ ಎಂದರು. ಅಯ್ಯನವರ ಮುಖ ನೋಡಬೇಕಿತ್ತು. ಒಂದು ಹಗಲೆಲ್ಲ ವ್ಯಾನಿನಲ್ಲಿ ಕೂತು ಹಳ್ಳಿ ಸೇರುವಷ್ಟರಲ್ಲಿ ಅವರು ಪೂರ್ತಿ ಬಾಳೆಹಣ್ಣಿನ ಮೇಲೆ ನಂಬಿಕೆ ಇಟ್ಟಿದ್ದರು. ಸದ್ಯ, ಆ ಸೀಮೆಯಲ್ಲಿ ಬಾಳೆಗೇನೂ ಬರವಿರಲಿಲ್ಲ.

ದಾರಿಯಲ್ಲಿ ಭೂಮಧ್ಯರೇಖೆ ದಾಟಿದೆವು. ರಸ್ತೆಗೆ ಅಡ್ಡಲಾಗಿ ಒಂದು ಗೆರೆ ಎಳೆದಿದ್ದಾರೆ. ಆ ಕಡೆ ಒಂದು ಕಾಲು, ಈ ಕಡೆ ಒಂದು ಕಾಲು ಇಟ್ಟು ಎಲ್ಲರೂ ಫೋಟೊ ಹೊಡೆಸಿಕೊಂಡೆವು. ಮಣ್ಣು ನೋಡಿದರೆ ಮಾಲೂರು ರಸ್ತೆಯ ಮಣ್ಣೇ, ಅಷ್ಟು ಕೆಂಪು. ತಂಡದಲ್ಲಿದ್ದ ಮಾಲೂರಿನ ಜಯರಾಜ್ ಅಣ್ಣನಿಗೆ ಇಟ್ಟಿಗೆ ಗೂಡಿದೆ. ಅವರು ವ್ಯಾನಿನಿಂದ ಇಳಿದವರೇ ಒಂದು ಹಿಡಿ ಮಣ್ಣು ತೆಗೆದು ಉಂಡೆ ಕಟ್ಟಿ ನೋಡಿದರು. ಮುಂದೆ ಉದ್ದ ಕೊಂಬಿನ ಹಸುಗಳು ಅಡ್ಡ ಬಂದವು. ಒಂದೊಂದು ಕೊಂಬೂ ನನ್ನ ತೋಳಿಗಿಂತ ಉದ್ದ. ನಾವೆಲ್ಲ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರೆ ಜಯರಾಜ್ ಅಣ್ಣ, "ಹೊತ್ತಿಗೆ ಎಷ್ಟು ಲೀಟ್ರು ಕೊಡ್ತದಂತೆ ಕೇಳಿ ಅಯ್ನೋರೇ" ಎಂದರು. ಉತ್ತರ ಕೇಳಿ, "ಅಷ್ಟೇನಾ? ಇಷ್ಟ್ ದೊಡ್ಡ ಕೊಂಬಿಟ್ಕೊಂಡು?" ಎಂದು ಹಸುವಿನ ಮೇಲೆ ಬೇಜಾರು ಮಾಡಿಕೊಂಡರು. ಕೋಲಾರ ಜಿಲ್ಲೆಯವರು ಸ್ವರ್ಗಕ್ಕೆ ಹೋದರೂ ಡೈರಿ ಎಲ್ಲಿ ಎಂದೇ ಕೇಳುವವರು.

ಕೆಲಸ ಚೆನ್ನಾಗಿ ಸಾಗಿತು. ಹಗಲು ಕೋಣೆಯ ಗೋಡೆ ಏಳುತ್ತಿತ್ತು. ಅಲ್ಲಿನ ಜನ ತಾವೇ ಇಟ್ಟಿಗೆ ಸುಟ್ಟಿಟ್ಟಿದ್ದರು. ಜಯರಾಜ್ ಅಣ್ಣನಿಗೆ ಅವರ ಭಾಷೆ ಒಂದಕ್ಷರ ಬಾರದು. ಎರಡು ಇಟ್ಟಿಗೆಯನ್ನು ಒಂದಕ್ಕೊಂದು ಬಡಿದು ಸದ್ದು ಕೇಳಿ ತಲೆದೂಗಿದರು, ಅಲ್ಲಿನ ಗಾರೆಯವನೂ ತಲೆದೂಗಿದ, ಅಷ್ಟಕ್ಕೇ ಇಬ್ಬರೂ ಹಳೆಯ ನೆಂಟರಾದರು. ನಾವು ಹೆಂಗಸರು ನೀರು ಹೊತ್ತೆವು, ಮರಳು ಜರಡಿ ಹಿಡಿದೆವು, ಮಕ್ಕಳಿಗೆ ಆಟ ಆಡಿಸಿದೆವು. ಸಂಜೆಗೆ ಮುಂಚೆ ಒಂದೊಂದು ಹಳ್ಳಿಯಲ್ಲಿ ಕೂಟ.

ನನ್ನ ಸಂಕಟ ಶುರುವಾದದ್ದು ಈ ಕೂಟಗಳಿಂದ. ಕೂಟ ಎಂದ ಮೇಲೆ ಸಾಕ್ಷಿ ಇರಬೇಕು. ದೇವರು ನಿನ್ನ ಬಾಳಿನಲ್ಲಿ ಏನು ಮಾಡಿದನೆಂದು ಎಲ್ಲರ ಮುಂದೆ ಎದ್ದು ನಿಂತು ಹೇಳುವುದೇ ಸಾಕ್ಷಿ. ಒಳ್ಳೆಯ ಸಾಕ್ಷಿಗೆ ಒಂದು ದೊಡ್ಡ ಕಷ್ಟ ಬೇಕು, ಒಂದು ದೊಡ್ಡ ಬಿಡುಗಡೆ ಬೇಕು. ಜಯರಾಜ್ ಅಣ್ಣನ ಸಾಕ್ಷಿ ನಮ್ಮ ಕಡೆಯಲ್ಲೆಲ್ಲ ಹೆಸರುವಾಸಿ. ಹಿಂದೆ ಅವರು ಕುಡಿದು ಮಾಲೂರಿನ ರೈಲು ಹಳಿಯ ಹತ್ತಿರ ಬಿದ್ದಿದ್ದಾಗ ರೈಲು ಬಂದದ್ದು, ಯಾರೋ ಎಳೆದು ಉಳಿಸಿದ್ದು, ಅಂದಿನಿಂದ ಕುಡಿತ ಬಿಟ್ಟದ್ದು. ಎಲ್ಲವೂ ನಿಜವೇ. ಆದರೆ ಮೊದಲ ಹಳ್ಳಿಯಲ್ಲಿ ರೈಲು ದೂರದಲ್ಲಿ ಕೂಗುತ್ತಿತ್ತು. ವಾರ ಕಳೆಯುವಷ್ಟರಲ್ಲಿ ಎಂಜಿನ್ನಿನ ಬಿಸಿಗಾಳಿ ಅವರ ಕೆನ್ನೆಗೆ ತಗುಲತೊಡಗಿತ್ತು. ಇನ್ನೊಂದು ವಾರ ಉಳಿದಿದ್ದರೆ ಅವರನ್ನು ಕಳೆದುಕೊಳ್ಳುತ್ತಿದ್ದೆವು.

ಅವರದಲ್ಲದೆ ದಿನಕ್ಕೊಬ್ಬರಂತೆ ಉಳಿದವರ ಸರದಿಯೂ ಮುಗಿಯಿತು. "ಕಡೇ ಭಾನುವಾರ ದೊಡ್ಡ ಚರ್ಚಿನಲ್ಲಿ ನಿಮ್ ಸಾಕ್ಷಿ ರೂತಮ್ಮ" ಎಂದು ಅಯ್ಯನವರು ಹೇಳಿದರು. ನಾನು ಏನು ಹೇಳಲಿ? ಬೇಡಿದೆ, ಸಿಗಲಿಲ್ಲ ಎನ್ನಲೇ? ಅಷ್ಟು ದೂರದಿಂದ ಬಂದವಳು ಆ ಬಡಜನರ ಮುಂದೆ ನಿಂತು ಆ ಮಾತು ಹೇಳಿದರೆ ಅವರ ನಂಬಿಕೆ ಏನಾಗಬೇಕು? ಸುಳ್ಳು ಹೇಳೋಣವೆಂದರೆ ನಮ್ಮನೆಯವರು ಎದುರಿಗೆ ಬಂದು ನಿಂತ ಹಾಗಾಗುತ್ತಿತ್ತು. ಅಯ್ಯನವರಿಗೆ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಆದರೆ ಬಾಯಿ ಬಿಟ್ಟು ಹಾಗೆ ಹೇಳಿದರೆ ದೇವರ ಜೊತೆಗಿನ ಮಾತು ಪೂರ್ತಿ ನಿಂತೇಹೋಗುತ್ತದೆ ಎಂದು ಒಳಗೊಂದು ಹೆದರಿಕೆ. ನಿಜ ಹೇಳುತ್ತೇನೆ, ಆ ಭಾನುವಾರ ಬರುವ ಮೊದಲು ನನಗೆ ಸಣ್ಣಗೆ ಜ್ವರವಾದರೂ ಬರಲಿ ಎಂದು ಕಾದೆ. ಅಯ್ಯನವರಿಗೆ ಬಂದಿತು, ನನಗೆ ಬರಲಿಲ್ಲ.

ಈ ಮಧ್ಯೆ ನಮ್ಮ ಸಾಮಾನು ಬಂದು ತಲುಪಿತು. ರಹಮತ್ ಸಾಬರ ಹೊಲಿಗೆ ಒಂದು ಎಳೆಯೂ ಬಿಟ್ಟಿರಲಿಲ್ಲ. ನನಗೆ ಹೋದ ಜೀವ ಬಂದ ಹಾಗಾಯಿತು. ಅಷ್ಟು ದಿನ ನಾವು ಉಂಡದ್ದು ಮೋಸೆಸ್ ಪಾಸ್ಟರ ಅಕ್ಕ ಫ್ಲಾರೆನ್ಸಳ ಕೈ ಅಡುಗೆ. ನನ್ನ ವಯಸ್ಸಿನವಳೇ, ಅವಳಿಗೂ ಗಂಡನಿರಲಿಲ್ಲ. ನಾವು ಅತಿಥಿಗಳೆಂದು ದಿನವೂ ಅನ್ನ ಮಾಡಿ ಬಡಿಸಿದ್ದಳು, ಕಾಳಿನ ಸಾರು, ಕಡಲೆಕಾಯಿ ಬೀಜ ಅರೆದು ಮಾಡಿದ ಇನ್ನೊಂದು ಸಾರು. ಇವತ್ತು ನಾನು ಇವರಿಗೆ ನಮ್ಮ ನಾಡಿನ ಊಟ ಉಣಿಸುತ್ತೇನೆ ಎಂದು ಸೆರಗು ಸಿಕ್ಕಿಸಿಕೊಂಡು ಅವಳ ಅಡುಗೆಮನೆಗೆ ಹೋದೆ. ಅಕ್ಕಪಕ್ಕದ ಹೆಂಗಸರೆಲ್ಲ ನೋಡಲು ಸೇರಿದರು. ನಾನು ಹಾಸ್ಟೆಲಿನ ಹುಡುಗಿಯರಿಗೆ ಪಾಠ ಹೇಳುವವಳ ಹಾಗೆ ಗಂಟಲು ಸರಿಮಾಡಿಕೊಂಡು, ಇದು ರಾಗಿ, ನಮ್ಮ ಕೋಲಾರದ ವಿಶೇಷ, ಬಹಳ ಶಕ್ತಿ ಎಂದು ನನಗೆ ಬಂದಷ್ಟು ಇಂಗ್ಲಿಷಿನಲ್ಲಿ ಹೇಳಿ, ಚೀಲ ಬಿಚ್ಚಿ ಅಂಗೈಗೆ ಒಂದಿಷ್ಟು ಹಿಟ್ಟು ಹಾಕಿಕೊಂಡು ತೋರಿಸಿದೆ.

ಫ್ಲಾರೆನ್ಸ್ ಒಂದು ಚಿಟಿಕೆ ಹಿಟ್ಟು ತೆಗೆದು ಮೂಸಿದಳು. ನಾಲಿಗೆಗೆ ಹಾಕಿಕೊಂಡಳು. ತಿರುಗಿ ಉಳಿದವರಿಗೆ ಏನೋ ಹೇಳಿದಳು. ಒಬ್ಬಳು ಕಿಸಕ್ಕೆಂದಳು, ಆಮೇಲೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಫ್ಲಾರೆನ್ಸ್ ಒಳಗೆ ಹೋಗಿ ತನ್ನ ಡಬ್ಬ ತಂದು ನನ್ನ ಇನ್ನೊಂದು ಅಂಗೈಗೆ ಹಿಟ್ಟು ಸುರಿದಳು. ಅದೇ ಬಣ್ಣ, ಅದೇ ವಾಸನೆ. ಎರಡು ಅಂಗೈಯಲ್ಲಿ ಎರಡು ಹಿಟ್ಟು ಹಿಡಿದು ನಿಂತಿದ್ದೇನೆ, ಯಾವುದು ಮುನಿರತ್ನಮ್ಮನದು, ಯಾವುದು ಫ್ಲಾರೆನ್ಸಳದು ಎಂದು ನನಗೇ ತಿಳಿಯದು.

ಅವರ ದಿನದ ಊಟವೇ ಅದಂತೆ. ಹೆಸರು 'ಕಾಲೋ'. ಸ್ವಲ್ಪ ಮರಗೆಣಸಿನ ಹಿಟ್ಟನ್ನೂ ಸೇರಿಸಿ ಚಪ್ಪಟೆ ಕೋಲಿನಲ್ಲಿ ತೊಳಸುತ್ತಾರೆ, ಕೈಯಲ್ಲಿ ಮುರಿದು ಸಾರಿಗೆ ಅದ್ದಿ ನುಂಗುತ್ತಾರೆ. ರಾಗಿ ಹುಟ್ಟಿದ್ದೇ ನಮ್ಮ ಕಡೆ, ನಿಮ್ಮ ಕಡೆಗೆ ಬಂದದ್ದು ಆಮೇಲೆ ಎಂದು ಓದಿದವರು ಹೇಳುತ್ತಾರೆ ಎಂದು ಮೋಸೆಸ್ ಪಾಸ್ಟರು ನಗುತ್ತ ವಿವರಿಸಿದರು. ರಾಗಿಯ ತವರುಮನೆಗೇ ನಾನು ರಾಗಿಹಿಟ್ಟನ್ನು ಹೊತ್ತುಕೊಂಡು ಬಂದಿದ್ದೆ. "ಮೊದಲೇ ಹೇಳಬಾರದಿತ್ತಾ?" ಎಂದರೆ, "ಬೆಂಗಳೂರಿನಲ್ಲಿ ಓದುವಾಗ ಇವರಿಗೆ ಎಷ್ಟೋ ಸಲ ಹೇಳಿದ್ದೆ" ಎಂದು ಅಯ್ಯನವರ ಕಡೆ ಬೆರಳು ತೋರಿಸಿದರು. ಅಯ್ಯನವರು ತಲೆ ಕೆರೆದುಕೊಂಡರು.

ಹಾಗಾದರೆ ನಮಗೇಕೆ ಒಂದು ದಿನವೂ ಬಡಿಸಲಿಲ್ಲ ಎಂದು ಮೋಸೆಸ್ ಪಾಸ್ಟರಿಂದ ಕೇಳಿಸಿದೆ. ಅತಿಥಿಗಳಿಗೆ ಕಾಲೋ ಬಡಿಸುವುದೇ, ಅದು ಮನೆಮಂದಿ ತಿನ್ನುವುದಲ್ಲವೇ ಎಂದಳು ಫ್ಲಾರೆನ್ಸ್. ನನಗೆ ನಮ್ಮಮ್ಮ ನೆನಪಾದಳು. ನಾನು ಚಿಕ್ಕವಳಿದ್ದಾಗ ನೆಂಟರು ಬರುವ ಸದ್ದಾದರೆ ಅಮ್ಮ ಮುದ್ದೆಯ ಪಾತ್ರೆಯ ಮೇಲೆ ತಟ್ಟೆ ಮುಚ್ಚಿ ಒಲೆಯ ಹಿಂದಕ್ಕೆ ತಳ್ಳಿಬಿಡುತ್ತಿದ್ದಳು. ಎಲ್ಲಿಂದಲೋ ಒಂದು ಪಾವು ಅಕ್ಕಿ ಬರುತ್ತಿತ್ತು. ನೆಂಟರು ಅನ್ನ ಉಣ್ಣುವಾಗ ನಾವು ಮಕ್ಕಳು, ನಮಗೆ ಮುದ್ದೆಯೇ ಇಷ್ಟ ಎಂದು ಹೇಳಬೇಕಿತ್ತು. ಹೇಳಿಕೊಟ್ಟ ಮಾತನ್ನು ನಮ್ಮ ತಮ್ಮ ಕಣ್ಣಲ್ಲಿ ನೀರು ತುಂಬಿಕೊಂಡು ಒಪ್ಪಿಸುತ್ತಿದ್ದ.

ನಾನು ಮೋಸೆಸ್ ಪಾಸ್ಟರಿಗೆ ಹೇಳಿದೆ, "ನಾವೂ ಮನೆಮಂದಿಯೇ ಅಂತ ಹೇಳಿ."

ಮಾರನೆಯ ದಿನ ಶನಿವಾರ. ಮರುದಿನದ ಸಾಕ್ಷಿಯ ಚಿಂತೆಯಲ್ಲಿ ನಾನು ಉಳಿದುಕೊಂಡಿದ್ದ ಕೋಣೆಯ ಮೆಟ್ಟಿಲ ಮೇಲೆ ಕೂತಿದ್ದೆ. ಇನ್ನೂ ಬಿಸಿಲಿತ್ತು. ಫ್ಲಾರೆನ್ಸ್ ಬಾಳೆತೋಟದ ದಾರಿಯಲ್ಲಿ ಬಂದಳು. ಹೊದ್ದ ಬಟ್ಟೆಯ ಅಂಚಿನಡಿ ಏನನ್ನೋ ಹಿಡಿದಿದ್ದಳು. ಹತ್ತಿರ ಬಂದು ಹೊರತೆಗೆದಾಗ ಮುಚ್ಚಳವಿರುವ ಪುಟ್ಟ ಬುಟ್ಟಿ. ಅವಳ ಭಾಷೆಯಲ್ಲಿ ಏನೋ ಹೇಳಿದಳು. ಏನು ಹೇಳಿದಳೋ ದೇವರಿಗೇ ಗೊತ್ತು, ನನ್ನ ಕಿವಿಗಂತೂ ಅದು "ಎಂಗೋ ಒಂದ್ ಮುದ್ದೆ ಜಾಸ್ತಿ ಬಂತು" ಎಂದೇ ಕೇಳಿಸಿತು.

ಮುಚ್ಚಳ ತೆಗೆದರೆ ಹೊಗೆಯಾಡುವ ಒಂದೇ ಒಂದು ಮುದ್ದೆ.

ಮುರಿದು ಬಾಯಿಗಿಟ್ಟೆ. ಒಂದು ಸಣ್ಣ ಗಂಟು ಹಲ್ಲಿಗೆ ಸಿಕ್ಕಿತು. ಅಷ್ಟೇ, ನನ್ನ ಕಣ್ಣಲ್ಲಿ ನೀರು ಹರಿಯತೊಡಗಿತು. ಆಸ್ಪತ್ರೆಯಲ್ಲಿ ಅಳದವಳು, ಮಣ್ಣು ಮಾಡುವಾಗ ಅಳದವಳು, ಆ ಪರದೇಶದ ಮೆಟ್ಟಿಲ ಮೇಲೆ ಬಾಯಿತುಂಬ ರಾಗಿ ಇಟ್ಟುಕೊಂಡು ಅತ್ತೆ. ಫ್ಲಾರೆನ್ಸ್ ಪಕ್ಕದಲ್ಲಿ ಕೂತು ಬುಟ್ಟಿಯಿಂದ ತಾನೂ ಒಂದು ಚೂರು ಮುರಿದುಕೊಂಡು ತಿಂದಳು.

ಭಾನುವಾರ ನನ್ನ ಹೆಸರು ಕರೆದರು. ನನ್ನ ಸಾಕ್ಷಿ ಎರಡು ಬಸ್ಸು ಬದಲಿಸಿ ಜನರನ್ನು ಮುಟ್ಟಬೇಕಿತ್ತು. ನಾನು ಕನ್ನಡದಲ್ಲಿ ಹೇಳಬೇಕು, ಅಯ್ಯನವರು ಇಂಗ್ಲಿಷಿಗೆ ತರಬೇಕು, ಮೋಸೆಸ್ ಪಾಸ್ಟರು ಅವರ ಭಾಷೆಗೆ ದಾಟಿಸಬೇಕು.

"ನಮ್ಮನೆಯವ್ರಿಗೋಸ್ಕರ ಬೇಡ್ಕೊಂಡೆ. ಅವ್ರು ಉಳೀಲಿಲ್ಲ" ಅಂದೆ. ಅಯ್ಯನವರು ಒಂದು ಕ್ಷಣ ನನ್ನ ಮುಖ ನೋಡಿ, ಆಮೇಲೆ ಇದ್ದುದನ್ನು ಇದ್ದ ಹಾಗೆಯೇ ಹೇಳಿದರು. ಆ ಚರ್ಚಿನಲ್ಲಿ ಬೇಡಿಕೊಂಡೂ ಗಂಡನನ್ನು, ಮಕ್ಕಳನ್ನು ಕಳೆದುಕೊಂಡವರು ಎಷ್ಟು ಜನ ಕೂತಿದ್ದರೋ. ಯಾರೂ ಮುಖ ತಿರುಗಿಸಲಿಲ್ಲ, ಮುಂದೆ ಹೇಳು ಎನ್ನುವ ಹಾಗೆ ನೋಡಿದರು.

"ಆಮೇಲೆ ಒಬ್ಬಳಿಗೇ ಮುದ್ದೆ ಮಾಡ್ಕೊಳಕ್ ಆಗ್ಲಿಲ್ಲ. ಎದುರುಮನೇ ಮುನಿರತ್ನಮ್ಮ ದಿನಾ ಸಂಜೆ ಒಂದು ಮುದ್ದೆ ತಂದ್ಕೊಟ್ಳು. ಒಂದು ದಿನಾನೂ ತಪ್ಪಿಸ್ಲಿಲ್ಲ."

'ಮುದ್ದೆ' ಎಂಬಲ್ಲಿಗೆ ಬಂದು ಅಯ್ಯನವರ ಇಂಗ್ಲಿಷು ನಿಂತಿತು. ಅವರು ಎರಡು ಕೈಯಿಂದ ಗಾಳಿಯಲ್ಲಿ ಉಂಡೆ ಕಟ್ಟುತ್ತ ತಡವರಿಸುತ್ತಿದ್ದರೆ, ಮೋಸೆಸ್ ಪಾಸ್ಟರು ಅವರನ್ನು ಕಾಯದೆ 'ಕಾಲೋ' ಅಂದುಬಿಟ್ಟರು. ಹೆಂಗಸರ ಸಾಲಿನಿಂದ "ಓ" ಎಂದು ಒಂದು ದನಿ ಎದ್ದಿತು. ಅಲ್ಲಿಂದ ಮುಂದೆ ನನಗೆ ಭಾಷಾಂತರ ಬೇಕಾಗಲೇ ಇಲ್ಲವೇನೋ ಅನಿಸಿತು.

"ನಾನು ಅವಳ ಡಬ್ಬಿ ಯಾವತ್ತೂ ಖಾಲಿ ವಾಪಸ್ ಕೊಟ್ಟಿಲ್ಲ. ದೇವ್ರಿಗೆ ಮಾತ್ರ ಏನೂ ಕೊಡ್ದೆ ಕೂತಿದ್ದೆ. ಕೇಳಿದ್ದು ಕೊಡ್ಲಿಲ್ಲ ಅಂತ. ಕಳ್ಸಿದ್ದು ಕಣ್ಣಿಗೇ ಬೀಳ್ಲಿಲ್ಲ. ನಿನ್ನೆ ನಿಮ್ಮೂರಲ್ಲೂ ಅದೇ ಮುದ್ದೆ ಬುಟ್ಟೀಲಿ ಬಂತು" ಅಂದೆ. ಮುಂದೆ ಹೇಳಲು ಇನ್ನೂ ಏನೇನೋ ಇತ್ತು. ಆದರೆ ಅಷ್ಟರಲ್ಲಿ ಬಾಯಿಂದ 'ಸ್ತೋತ್ರ' ಎಂದು ಬಂದುಬಿಟ್ಟಿತು. ಎರಡು ವರ್ಷ ಗಂಟಲಲ್ಲಿ ಕೂತಿದ್ದದ್ದು. ಅದನ್ನು ಅಯ್ಯನವರು ಭಾಷಾಂತರ ಮಾಡಲಿಲ್ಲ, ಕರ್ಚೀಫು ಹುಡುಕುತ್ತಿದ್ದರು. ಮೋಸೆಸ್ ಪಾಸ್ಟರು ಮುನಿರತ್ನಮ್ಮನ ಹೆಸರನ್ನು ತುಂಡು ತುಂಡು ಮಾಡಿ ಹೇಗೋ ಉಚ್ಚರಿಸಿದರು, ಇಡೀ ಚರ್ಚು ಆ ಹೆಸರಿಗೆ ಚಪ್ಪಾಳೆ ತಟ್ಟಿತು. ಜಯರಾಜ್ ಅಣ್ಣ ಹೊರಗೆ ಬಂದ ಮೇಲೆ, "ಸಿಸ್ಟರ್, ನಿಮ್ ಸಾಕ್ಷೀಲಿ ರೈಲೇ ಇರ್ಲಿಲ್ಲ, ಆದ್ರೂ ನಮ್ಮನ್ನೆಲ್ಲ ಬೀಳಿಸ್ತು" ಎಂದರು.

ಹೊರಡುವ ದಿನ ಫ್ಲಾರೆನ್ಸಳ ಬುಟ್ಟಿ ನನ್ನ ಹತ್ತಿರವೇ ಇತ್ತು. ಖಾಲಿ ಕೊಡುವುದು ಹೇಗೆ? ತಂದ ಹಿಟ್ಟನ್ನು ಆಗಲೇ ಅವಳ ಡಬ್ಬಕ್ಕೆ ಸುರಿದಾಗಿತ್ತು. ಪೆಟ್ಟಿಗೆಯಲ್ಲಿ ನನ್ನ ಬಟ್ಟೆ ಬಿಟ್ಟರೆ ಉಳಿದದ್ದು ಮುದ್ದೆಕೋಲು. ಅದನ್ನೇ ಬುಟ್ಟಿಯಲ್ಲಿಟ್ಟೆ. ಹಿಡಿಸಲಿಲ್ಲ, ಮುಕ್ಕಾಲು ಹೊರಗೇ ಇತ್ತು. ಮುಚ್ಚಳವನ್ನು ಕೋಲಿನ ತುದಿಗೆ ಟೋಪಿಯ ಹಾಗೆ ಇಟ್ಟು ಕೊಟ್ಟೆ. ಫ್ಲಾರೆನ್ಸ್ ಅದನ್ನು ನೋಡಿ ನಕ್ಕಳು, ಆಮೇಲೆ ಏನೋ ನೆನಪಾದವಳಂತೆ ಒಳಗೆ ಓಡಿದಳು. ಕೋಲಿಲ್ಲದೆ ಇವಳು ಊರಿಗೆ ಹೋಗಿ ಹೇಗೆ ಮಾಡಿಕೊಂಡಾಳು ಎಂದು ತನ್ನ ಚಪ್ಪಟೆ ಕೋಲನ್ನು ತಂದು ನನ್ನ ಕೈಗಿಟ್ಟಳು. ಈಗ ಗೋಡೆಯ ಮೇಲಿರುವುದು ಅದೇ.

ಮುಳಬಾಗಿಲಿಗೆ ಬಂದು ಇಳಿದ ದಿನ ಸಂಜೆ ಕಂಪನಿ ಬಸ್ಸಿನ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಮುನಿರತ್ನಮ್ಮ ಡಬ್ಬಿ ಹಿಡಿದು ಬಂದಳು.

"ಎಂಗೋ ಒಂದ್ ಮುದ್ದೆ..."

"ಲೇ ಮುನಿರತ್ನಾ, ನಾನಿಲ್ಲದಾಗ ಆ ಜಾಸ್ತಿ ಮುದ್ದೆ ಏನ್ ಮಾಡ್ದೆ?" ಎಂದು ಕೇಳಿದೆ.

ಅವಳು ಸಿಕ್ಕಿಬಿದ್ದಳು. "ಹಸೂಗ್ ಇಕ್ದೆ" ಅಂದಳು. "ಏನ್ ಮಾಡ್ಲಿ, ನೀನು ಊರಲ್ಲಿಲ್ಲ ಅಂದ್ರೆ ಕೈ ಕೇಳಲ್ಲ."

ಅಲ್ಲಿ ಚರ್ಚಿನಲ್ಲಿ ಅವಳ ಹೆಸರು ಹೇಳಿದ್ದನ್ನು, ಜನ ಅವಳಿಗೆ ಚಪ್ಪಾಳೆ ತಟ್ಟಿದ್ದನ್ನು ಹೇಳಿದೆ. ಕೇಳುತ್ತ ಕೇಳುತ್ತ ಅವಳು ಹೊಸಿಲ ಮೇಲೆ ಕೂತುಬಿಟ್ಟಳು. ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ ಗಾಬರಿಯಿಂದ ತಲೆ ಎತ್ತಿ, "ಗಂಟಿರ್ತದೆ ಅಂತಾನೂ ಹೇಳ್ಬಿಟ್ಯಾ?" ಎಂದಳು.

ಈಗ ಶನಿವಾರ ಶನಿವಾರ ನಮ್ಮ ಮನೆಯಲ್ಲೇ ಮುದ್ದೆ. ಚಪ್ಪಟೆ ಕೋಲು ನನ್ನ ಕೈಗೆ ಇನ್ನೂ ಪೂರ್ತಿ ಒಗ್ಗಿಲ್ಲ. ಹೋದ ಶನಿವಾರ ಡಬ್ಬಿ ಹಿಡಿದು ನಾನೇ ರಸ್ತೆ ದಾಟಿ ಹೋದೆ.

"ಎಂಗೋ ಒಂದ್ ಮುದ್ದೆ ಜಾಸ್ತಿ ಬಂತು" ಅಂದೆ.

ಮುನಿರತ್ನಮ್ಮ ತಟ್ಟೆಗೆ ಹಾಕಿಕೊಂಡು, ಮುರಿದು, ಸಾರಿಗೆ ಅದ್ದಿ ನುಂಗಿ, ನನ್ನ ಮುಖವನ್ನೇ ನೋಡುತ್ತ ಹೇಳಿದಳು: "ಗಂಟೈತೆ ಮೇಡಮ್ಮೋ."

ಆಮೇಲೆ ಇನ್ನರ್ಧ ಇದ್ದರೆ ಹಾಕು ಎಂದು ತಟ್ಟೆ ಮುಂದೆ ಮಾಡಿದಳು.

"ಸ್ತೋತ್ರ" ಅಂದೆ.

"ಏನಂದೆ?" ಅಂದಳು.

"ಏನಿಲ್ಲ, ತಿನ್ನೇ" ಎಂದು ಹಾಕಿದೆ.